ಹತ್ತನೇ ಕ್ಲಾಸಿನ ಲೆಕ್ಕಕ್ಕೆ ಆರನೇ ಕ್ಲಾಸಿನ ಪುಸ್ತಕ

ಎಸ್ಸೆಸ್ಸೆಲ್ಸಿ ಹುಡುಗಿಗೆ ಲೆಕ್ಕ ಹೇಳಿಕೊಡಲು ಕೂತವಳು, ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಆರು, ಏಳು, ಎಂಟನೇ ತರಗತಿಯ ಹಳೇ ಗಣಿತ ಪುಸ್ತಕ ಹುಡುಕುತ್ತಾ ನಿಂತಿದ್ದೆ. ಪುಸ್ತಕದವನು "ಮೂರು ಮಕ್ಕಳಾ ಮೇಡಂ?" ಅಂದ. ಒಬ್ಬಳೇ, ಹತ್ತನೇ ಕ್ಲಾಸು ಅಂದೆ. ಅವನು ಮರುಮಾತಾಡದೆ ಒಂದೇ ಕವರಿಗೆ ಮೂರನ್ನೂ ಹಾಕಿಕೊಟ್ಟ.

ಹುಡುಗಿ ನನ್ನ ಅಣ್ಣನ ಮಗಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಅಣ್ಣ ಗಾರೆ ಮೇಸ್ತ್ರಿ, ಸುಂಕದಕಟ್ಟೆಯಲ್ಲಿ ಮನೆ. ನಾನು ಕಾಮಾಕ್ಷಿಪಾಳ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಓದಿದ್ದು ಬಿ.ಎ., ಅದೂ ಇತಿಹಾಸ. ಟ್ಯೂಷನ್ನಿಗೆ ಹಾಕಿದ್ದರು. ಅಲ್ಲಿ ಅವಳು ಬೋರ್ಡಿನಲ್ಲಿದ್ದದ್ದನ್ನು ಅಚ್ಚುಕಟ್ಟಾಗಿ ಇಳಿಸಿಕೊಂಡು ಬರುತ್ತಿದ್ದಳು, ಮನೆಯಲ್ಲಿ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಪೆನ್ನು ಕಚ್ಚುತ್ತಿದ್ದಳು. "ಸಾಯಂಕಾಲ ನಿನ್ನ ಹತ್ರ ಕಳಿಸ್ತೀನಿ, ನೀನೇ ನೋಡ್ಕೊ" ಅಂದ ಅಣ್ಣ. ಮಿಷನ್ನಿನ ಪಕ್ಕ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ನಮ್ಮ ಪಾಠ ಶುರುವಾಯಿತು.

ನಾನು ಹಾಕಿದ್ದು ಒಂದೇ ಷರತ್ತು: ಲೆಕ್ಕ ಮಾಡುತ್ತಾ ಮಾಡುತ್ತಾ ಬಾಯಲ್ಲಿ ಹೇಳಬೇಕು. ನನಗೂ ಪಾಠ ಮರೆತಿತ್ತಲ್ಲ, ಅವಳು ಹೇಳಿದರೆ ತಾನೇ ನಾನೂ ಹಿಂದೆ ಹಿಂದೆ ನಡೆಯೋದು! ಮೊದಲು ಕೊಟ್ಟದ್ದು ಹೀಗಿತ್ತು:

(ಎಕ್ಸ್ + 1)/3 − (ಎಕ್ಸ್ − 2)/4 = 2

ಪುಟ್ಟಿ ಸರಸರನೆ ಶುರು ಮಾಡಿದಳು. ಹನ್ನೆರಡರಿಂದ ಗುಣಿಸಬೇಕು ಅಂದಳು, ಸರಿ. 4ಎಕ್ಸ್ + 4 − 3ಎಕ್ಸ್ − 6 = 24 ಅಂತ ಬರೆದಳು. ಎಕ್ಸ್ ಬಂದದ್ದು 26. ಅಡಿಗೆರೆ ಎಳೆದು ಪೆನ್ನು ಮುಚ್ಚಿಯೂ ಆಯಿತು.

"ತಾಳೆ ನೋಡು" ಅಂದೆ.

"ಪರೀಕ್ಷೇಲಿ ಕೇಳಲ್ಲ ಅತ್ತೆ."

"ನಾನು ಕೇಳ್ತಾ ಇದ್ದೀನಲ್ಲ."

26 ಹಾಕಿದಳು. 27ನ್ನು ಮೂರರಿಂದ ಭಾಗಿಸಿದರೆ 9, 24ನ್ನು ನಾಲ್ಕರಿಂದ ಭಾಗಿಸಿದರೆ 6, ಕಳೆದರೆ 3. ಬರಬೇಕಾದ್ದು 2. ಎಲ್ಲಿ ಎಡವಿತು ಅಂತ ಮೇಲಿಂದ ಕೆಳಗೆ ಹುಡುಕಿದಾಗ ಆವರಣದ ಹಿಂದಿದ್ದ ಮೈನಸ್ ಸಿಕ್ಕಿತು. ಅದು ಒಳಗಿನ ಎರಡಕ್ಕೂ ಸೇರಿದ್ದು. ಹಾಗಾಗಿ ಮೈನಸ್ ಆರಲ್ಲ, ಪ್ಲಸ್ ಆರು. ಎಕ್ಸ್ + 10 = 24, ಎಕ್ಸ್ ಅಂದರೆ 14. ಹದಿನೈದರಲ್ಲಿ ಮೂರನೇ ಒಂದು 5, ಹನ್ನೆರಡರಲ್ಲಿ ನಾಲ್ಕನೇ ಒಂದು 3, ವ್ಯತ್ಯಾಸ 2. ತನ್ನ ಉತ್ತರ ಸರಿಯೋ ತಪ್ಪೋ ಅನ್ನುವುದನ್ನು ಮೇಷ್ಟ್ರ ಸಹಿ ಇಲ್ಲದೆ, ಗೈಡಿನ ಕೊನೇ ಪುಟ ಇಲ್ಲದೆ ತಾನೇ ಹೇಳಬಹುದು ಅಂತ ಅವಳಿಗೆ ಆವತ್ತು ಗೊತ್ತಾಯಿತು ಅಂತ ಕಾಣುತ್ತದೆ. ಆಮೇಲೆ ತಾಳೆ ನೋಡು ಅಂತ ನಾನು ಹೇಳಬೇಕಾಗಿದ್ದು ಅಪರೂಪ.

ಆದರೆ "ಹನ್ನೆರಡರಿಂದ ಯಾಕೆ ಗುಣಿಸಿದೆ?" ಅಂದರೆ ಉತ್ತರವಿಲ್ಲ. "ಆ ಕಡೆ ಹೋದ್ರೆ ಚಿಹ್ನೆ ಯಾಕೆ ಬದಲಾಗುತ್ತೆ?" ಅಂದರೆ "ಹೋದ್ರೆ ಬದಲಾಗುತ್ತೆ ಅತ್ತೆ" ಅನ್ನುವುದೇ ಉತ್ತರ. ಅನುಮಾನ ಬಂದು ಬೀಜಗಣಿತ ಪಕ್ಕಕ್ಕಿಟ್ಟು 2/3 + 3/4 ಎಷ್ಟು ಅಂತ ಕೇಳಿದೆ. 5/7 ಅಂದಳು. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ತಪ್ಪು ಅಂತ ಹೇಳದೆ, "5/7 ದೊಡ್ಡದೋ 3/4 ದೊಡ್ಡದೋ?" ಅಂದೆ. ಅಡ್ಡ ಗುಣಿಸಿ ನೋಡಿದಳು. 20, 21. ಮುಕ್ಕಾಲೇ ದೊಡ್ಡದು. ಅಂದರೆ ಮುಕ್ಕಾಲಿಗೆ ಇನ್ನಷ್ಟು ಕೂಡಿದ ಮೇಲೆ ಮುಕ್ಕಾಲಿಗಿಂತ ಕಮ್ಮಿಯಾಗಿದೆ! ಇಬ್ಬರೂ ನಕ್ಕೆವು. ನಕ್ಕರೂ ನನಗೆ ಒಳಗೊಳಗೇ ಗಾಬರಿಯಾಯಿತು. ವರ್ಗಸಮೀಕರಣದ ಸೂತ್ರವನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವ ಹುಡುಗಿ ಇವಳು. ಅವೆನ್ಯೂ ರಸ್ತೆಗೆ ಹೋದದ್ದು ಅದರ ಮಾರನೆಯ ದಿನ.

ಆರನೇ ತರಗತಿಯ ಪುಸ್ತಕ ತೆಗೆದಾಗ ಪುಟ್ಟಿಗೆ ಅವಮಾನವಾಯಿತು. ಪಕ್ಕದ ಮನೆಯವರು ಬಂದರೆ ಅದರ ಮೇಲೆ ಲೈನಿಂಗ್ ಬಟ್ಟೆ ಎಳೆದು ಮುಚ್ಚುತ್ತಿದ್ದಳು. ಹಾಗಾಗಿ ಪುಸ್ತಕವನ್ನು ನಾನು ಓದಿಕೊಂಡೆ, ಅವಳ ಕೈಗೆ ಟೇಪು ಕೊಟ್ಟೆ. ನನ್ನ ಟೇಪಿನಲ್ಲಿ ಒಂದೊಂದು ಇಂಚಿಗೆ ಎಂಟು ಭಾಗ. ಎದೆ ಸುತ್ತಳತೆ 34 ಇದ್ದರೆ ಕಾಲು ಭಾಗ ಎಂಟೂವರೆ, ಅದನ್ನು ಅವಳು ಬಾಯ್ಲೆಕ್ಕದಲ್ಲೇ ಹೇಳಿದಳು. ಕುತ್ತಿಗೆ ಅಗಲಕ್ಕೆ ಹನ್ನೆರಡನೇ ಒಂದು ಭಾಗ ಹಿಡಿಯುವ ರೂಢಿ. 34ರಲ್ಲಿ ಹನ್ನೆರಡನೇ ಒಂದು ಅಂದರೆ ಎರಡು ಇಂಚು, ಮೇಲೆ ಆರರಲ್ಲಿ ಐದು ಭಾಗ. ಟೇಪಿನಲ್ಲಿ ಆರರ ಗೆರೆಯೇ ಇಲ್ಲ! "ಎಲ್ಲಿ ಗುರುತು ಹಾಕ್ತೀಯ?" ಅಂದೆ. ಒಂದು ಕಡೆ 6/8, ಇನ್ನೊಂದು ಕಡೆ 7/8, ನಡುವೆ ಎಲ್ಲೋ 5/6. ಮೂರನ್ನೂ ಒಂದೇ ಅಳತೆಗೆ ತಾರದೆ ಯಾವುದು ಹತ್ತಿರ ಅಂತ ಹೇಳಲಾಗದು. ಎಂಟಕ್ಕೂ ಆರಕ್ಕೂ ಒಗ್ಗುವ ಸಂಖ್ಯೆ 24. 18/24, 21/24, ನಡುವೆ 20/24. ಅಂದರೆ 7/8ರ ಗೆರೆಯೇ ಹತ್ತಿರ. ಅಷ್ಟು ವರ್ಷದಿಂದ ಕೈರೂಢಿಯಲ್ಲಿ ನಾನು ಚಾಕ್ ಎಳೆಯುತ್ತಿದ್ದದ್ದೂ ಅಲ್ಲೇ. ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಭಾಗಾಕಾರದ ಏಣಿ ಬರೆದು ಮುಗಿಸುವ ಕರ್ಮವಲ್ಲ, ಭಿನ್ನರಾಶಿಗಳನ್ನು ಒಂದೇ ಅಳತೆಗೆ ತಂದು ಹೋಲಿಸಲು ಅದು ನೆರವಿಗೆ ಬರುತ್ತದೆ ಅನ್ನುವುದು ಅವಳಿಗೆ ಹಲಗೆಯ ಮೇಲೇ ಕಂಡಿತು.

ಭಾಗಾಕಾರ ಇನ್ನೂ ಸೊಗಸಾಗಿತ್ತು. ಮೂರು ಮೀಟರ್ ಬಟ್ಟೆ, ಒಂದು ಬ್ಲೌಸಿಗೆ ಮುಕ್ಕಾಲು ಮೀಟರ್, ಎಷ್ಟು ಬ್ಲೌಸ್? "ನಾಲ್ಕು" ಅಂತ ತಲೆಯೆತ್ತದೆ ಹೇಳಿದಳು. ಅದನ್ನೇ 3 ÷ 3/4 ಅಂತ ಬರೆದುಕೊಟ್ಟರೆ 9/4 ಅಂತ ಮಾಡಿಟ್ಟಳು. ಬಾಯಿಗೆ ಗೊತ್ತಿದ್ದದ್ದು ಪೆನ್ನಿಗೆ ಗೊತ್ತಿರಲಿಲ್ಲ. ನಾಲ್ಕು ಅಂತ ಹೇಗೆ ಹೇಳಿದೆ ಅಂತ ಬಿಡಿಸಿ ಕೇಳಿದಾಗ, ಮೂರು ಮೀಟರಿನಲ್ಲಿ ಹನ್ನೆರಡು ಕಾಲು ಮೀಟರ್, ಒಂದು ಬ್ಲೌಸಿಗೆ ಮೂರು ಕಾಲು ಅಂದಳು. ಹಾಗಾದರೆ ಮೊದಲು ಮಾಡಿದ್ದು ನಾಲ್ಕರಿಂದ ಗುಣಾಕಾರ, ಆಮೇಲೆ ಮೂರರಿಂದ ಭಾಗಾಕಾರ. ಭಾಗಿಸುವ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು ಅಂತ ನಾವೆಲ್ಲ ಉರು ಹೊಡೆದದ್ದರ ಹೊಟ್ಟೆಯಲ್ಲಿರುವುದು ಇಷ್ಟೇ. 2/3 ÷ 3/4 ಕೂಡ ಹಾಗೇ ಆಯಿತು: ಎರಡನ್ನೂ ಹನ್ನೆರಡನೇ ಭಾಗಗಳಿಗೆ ತಂದರೆ ಎಂಟು ತುಂಡನ್ನು ಒಂಬತ್ತು ತುಂಡಿನಿಂದ ಭಾಗಿಸುವುದು, 8/9. ತಲೆಕೆಳಗು ಮಾಡಿದರೂ 8/9.

ಇಲ್ಲಿ ನನ್ನ ಇತಿಹಾಸ ಒಂದಿಷ್ಟು ಬಾಲ ಬಿಚ್ಚಿತು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಇದ್ದ. ಅವನು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗೇ ಒಂದು ಅಧ್ಯಾಯ ಇದೆ, ಛೇದಗಳನ್ನು ಸಮ ಮಾಡಲು ನಾವು ಲ.ಸಾ.ಅ. ಅನ್ನುವುದನ್ನೇ ಬಳಸುವ ಕ್ರಮವೂ ಇದೆ. ಸಾವಿರದ ನೂರು ವರ್ಷಕ್ಕೂ ಹಿಂದಿನ ಮಾತು. "ಆಗಲೂ ಪರೀಕ್ಷೆಗೆ ಬರ್ತಿತ್ತಾ?" ಅಂದಳು ಪುಟ್ಟಿ. ಅವಳಿಗೆ ಹಿಡಿಸಿದ್ದು ಬೇರೆಯೇ ವಿಷಯ: ಅದೇ ಆಚಾರ್ಯ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂತ ಬರೆದಿದ್ದಾನೆ. "ಅದು ತಪ್ಪಲ್ವಾ ಅತ್ತೆ? ಮೂರು ಮೀಟರಲ್ಲಿ ಸೊನ್ನೆ ಮೀಟರಿನ ತುಂಡು ಎಷ್ಟು ಅಂತ ಕೇಳಿದ್ರೆ ಮೂರು ಅಂತ ಹೇಗೆ ಹೇಳೋದು, ಕತ್ತರಿಸ್ತಾನೇ ಇರಬೇಕಲ್ಲ." ಅಷ್ಟು ದೊಡ್ಡವರನ್ನು ತಾನು ತಿದ್ದಿದೆ ಅನ್ನುವ ಬಿಂಕ ಎರಡು ದಿನ ಇತ್ತು. ಇರಲಿ ಬಿಡಿ, ಭಿನ್ನರಾಶಿ ಕಲಿಯಲು ಅಷ್ಟು ಬಿಂಕ ಬೇಕು.

ದಸರಾ ರಜೆಯಲ್ಲಿ ಮತ್ತೆ ಸಮೀಕರಣಕ್ಕೆ ಬಂದೆವು. ಈ ಸಲ "ಆ ಕಡೆ ಹೋಯಿತು" ಅನ್ನುವ ಮಾತೇ ಬೇಡ ಅಂದೆ. ಪ್ರತಿ ಸಾಲಿನ ಬಲಕ್ಕೆ ಎರಡೂ ಕಡೆಗೆ ಏನು ಮಾಡಿದೆ ಅಂತ ಬರೆಯಬೇಕು: ಎರಡೂ ಕಡೆ 12ರಿಂದ ಗುಣಿಸಿದೆ, ಎರಡೂ ಕಡೆಯಿಂದ 10 ಕಳೆದೆ. ನಿಧಾನ, ಬೇಜಾರಿನ ಕೆಲಸ ಅದು. ಟ್ಯೂಷನ್ನಿನ ಹುಡುಗರು ಎರಡು ಸಾಲಲ್ಲಿ ಮುಗಿಸುವುದು ಇವಳಿಗೆ ಅರ್ಧ ಪುಟ ಹಿಡಿಯುತ್ತಿತ್ತು. ಆದರೂ ನಾನು ಸಡಿಲ ಬಿಡಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹಂತ ಹಂತಕ್ಕೂ ಅಂಕ ಕೊಡುತ್ತಾರೆ. ಕೊನೆಯ ಉತ್ತರ ಕೆಟ್ಟರೂ ಮೇಲಿನ ಸಾಲುಗಳು ಉಳಿಸುತ್ತವೆ ಅಂತ ಆಸೆಯನ್ನೂ ತೋರಿಸಿದೆ.

ಆಟೋ ಲೆಕ್ಕ ಹೊಳೆದದ್ದು ಆ ದಿನಗಳಲ್ಲೇ, ಮಾಗಡಿ ರಸ್ತೆಯಲ್ಲಿ ಆಟೋಗೆ ಕಾಯುತ್ತಾ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಮೀಟರ್ ಹಾಕುವ ಪುಣ್ಯಾತ್ಮರು ಸಿಕ್ಕಿದರೆ ಅನ್ನುವುದು ಬೇರೆ ಮಾತು. ಎಕ್ಸ್ ಕಿ.ಮೀ. ಹೋದರೆ ಎಷ್ಟು? 36 + 18(ಎಕ್ಸ್ − 2) ಅಂತ ಬರೆದಳು, ಆವರಣ ಬಿಡಿಸಿದಳು: 36 + 18ಎಕ್ಸ್ − 36. ಎರಡು 36 ಹೊಡೆದುಹೋಗಿ ಬರೀ 18ಎಕ್ಸ್ ಉಳಿಯಿತು. ಮತ್ತೆ ಮತ್ತೆ ನೋಡಿದಳು. "ಮಿನಿಮಮ್ ಎಲ್ಲಿ ಹೋಯ್ತು ಅತ್ತೆ?" ನನಗೂ ಆ ಕ್ಷಣ ತಮಾಷೆಯಾಗಿ ಕಂಡಿತು. ಮಿನಿಮಮ್ ದರ ಎರಡು ಕಿ.ಮೀ.ಗಳ ದರಕ್ಕೇ ಸಮ, ಹಾಗಾಗಿ ಎರಡು ದಾಟಿದ ಮೇಲೆ ಅದಕ್ಕೆ ಬೇರೆ ಲೆಕ್ಕವಿಲ್ಲ. ಒಂದೇ ಕಿ.ಮೀ. ಹೋದರೆ ಮಾತ್ರ ಅದು ಕಾಣಿಸುತ್ತದೆ, ಅಷ್ಟಕ್ಕೂ 36 ಕೊಡಬೇಕು. ಹಳೆಯ ದರ 30 ಮತ್ತು 15 ಇತ್ತಲ್ಲ, ಅದನ್ನೂ ತಾನೇ ಮಾಡಿ ನೋಡಿದಳು, 15ಎಕ್ಸ್. ನಕ್ಷೆ ಎಳೆದಾಗ ಎರಡರವರೆಗೆ ಮಲಗಿದ ಗೆರೆ, ಅಲ್ಲಿಂದ ಓರೆಯಾಗಿ ಏರುವ ಗೆರೆ. ಆ ಓರೆ ಗೆರೆಯನ್ನು ಹಿಂದಕ್ಕೆ ಎಳೆದರೆ ನೇರ ಸೊನ್ನೆಗೇ ಬಂತು. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, 27ಎಕ್ಸ್. ಏಳು ಕಿ.ಮೀ.ಗೆ ಹಗಲು 126, ರಾತ್ರಿ 189. ಆವತ್ತಿನಿಂದ ಅವಳು ಆಟೋ ಹತ್ತುವ ಮೊದಲೇ ಹದಿನೆಂಟರ ಮಗ್ಗಿ ಹೇಳಿಕೊಳ್ಳುತ್ತಾಳೆ.

ವರ್ಗಸಮೀಕರಣಕ್ಕೂ ನಮ್ಮ ಟ್ರಾಫಿಕ್ಕೇ ಆಯಿತು. 12 ಕಿ.ಮೀ. ದಾರಿ, ಬಸ್ಸು ಗಂಟೆಗೆ 3 ಕಿ.ಮೀ. ಜಾಸ್ತಿ ವೇಗದಲ್ಲಿ ಹೋದರೆ 12 ನಿಮಿಷ ಉಳಿಯುತ್ತದೆ, ವೇಗ ಎಷ್ಟು? ಹನ್ನೆರಡು ನಿಮಿಷ ಅಂದರೆ ಗಂಟೆಯ ಐದನೇ ಒಂದು ಭಾಗ ಅನ್ನುವಲ್ಲೇ ಮೊದಲಿನ ಪುಟ್ಟಿ ಮುಗ್ಗರಿಸುತ್ತಿದ್ದಳು. ಈಗ 12/ಎಕ್ಸ್ − 12/(ಎಕ್ಸ್ + 3) = 1/5 ಅಂತ ನೆಟ್ಟಗೆ ಬರೆದು, ಛೇದಗಳನ್ನು ಕಳಚಿ, ಎಕ್ಸ್² + 3ಎಕ್ಸ್ − 180 = 0ಗೆ ತಂದಳು. ಅಪವರ್ತಿಸಿದರೆ ಎಕ್ಸ್ 12, ಇಲ್ಲವೇ −15. ಗಂಟೆಗೆ 12 ಕಿ.ಮೀ. ಅಂದಾಗ ಅವಳಿಗೆ ಅನುಮಾನವೇ ಬರಲಿಲ್ಲ, ಬೆಂಗಳೂರಿನ ಬಸ್ಸು ತಾನೆ! ಗೈಡುಗಳಲ್ಲಿ "ವೇಗ ಋಣ ಆಗಲಾರದು" ಅಂತ ಒಂದು ಸಾಲು ಬರೆದು ಎರಡನೇ ಉತ್ತರವನ್ನು ಹೊರಗೆ ಹಾಕುತ್ತಾರೆ. ಇವಳು ಅದನ್ನು ಬಿಡಲಿಲ್ಲ. "ಜಾಸ್ತಿ ಮಾಡಿದ ವೇಗ 15, ಇದು −15. ಸುಮ್ನೆ ಬಂತಾ?" ಅಂದಳು. ಎಕ್ಸ್ ಇದ್ದ ಕಡೆ −15 ಹಾಕಿ ನೋಡಿದರೆ ಎಕ್ಸ್ + 3 ಅನ್ನುವುದು −12 ಆಗುತ್ತದೆ. ಅವೇ ಎರಡು ಅಂಕಿ ಜಾಗ ಬದಲಿಸಿ, ಚಿಹ್ನೆ ಬದಲಿಸಿ ಕೂತಿರುತ್ತವೆ. ಪರೀಕ್ಷೆಗೆ ಇದರಿಂದ ಅರ್ಧ ಅಂಕವೂ ಇಲ್ಲ. ನನಗೆ ಮಾತ್ರ ಆ ಪ್ರಶ್ನೆ ಕೇಳಿದ ಸಾಯಂಕಾಲ ಬಹಳ ಖುಷಿಯಾಗಿತ್ತು.

ರೇಖಾಗಣಿತ ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಅಣ್ಣನಿಗೇ ಬಿಟ್ಟೆ. ಅವನು ಓದಿದ್ದು ಏಳನೇ ಕ್ಲಾಸಿನವರೆಗೆ. ಭಾನುವಾರ ಅವನ ಕೆಲಸದ ಜಾಗಕ್ಕೆ ಹೋದೆವು, ಹೊಸ ಪಾಯ ತೆಗೆಯಲು ಗುರುತು ಹಾಕುತ್ತಿದ್ದರು. ಗೂಟ ಹೊಡೆದು ದಾರ ಕಟ್ಟಿ, ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಮಾಡಿ, ಆ ಎರಡು ಗುರುತಿನ ನಡುವೆ ಟೇಪು ಹಿಡಿದ. "ಐದು ಬಂದ್ರೆ ಮೂಲೆ ಮಟ್ಟ ಸರಿ ಇದೆ ಅಂತ. ಬರಲಿಲ್ಲ ಅಂದ್ರೆ ದಾರ ಸರಿಸು."

"ಅಪ್ಪ, ಇದು ಪೈಥಾಗೊರಸ್!"

"ಯಾರಾದ್ರೂ ಆಗ್ಲಿ, ದಾರ ಬಿಗಿಯಾಗಿ ಹಿಡ್ಕೊ."

ನಿಜ ಹೇಳಬೇಕೆಂದರೆ ಅಣ್ಣ ಬಳಸಿದ್ದು ಪೈಥಾಗೊರಸ್ ಪ್ರಮೇಯವನ್ನಲ್ಲ, ಅದರ ವಿಲೋಮವನ್ನು. ಲಂಬಕೋನ ಇದ್ದರೆ ವರ್ಗಗಳ ಮೊತ್ತ ಸರಿಹೋಗುತ್ತದೆ ಅನ್ನುವುದು ಒಂದು. ಮೊತ್ತ ಸರಿಹೋದರೆ ಲಂಬಕೋನ ಇದ್ದೇ ಇರುತ್ತದೆ ಅನ್ನುವುದು ಇನ್ನೊಂದು. ಪುಸ್ತಕದಲ್ಲಿ ಎರಡೂ ಅಕ್ಕಪಕ್ಕ ಇದ್ದರೂ ಎರಡು ಬೇರೆ ಬೇರೆ ಮಾತು ಅಂತ ಅವಳಿಗೆ ಕಂಡದ್ದು ಆ ದಾರ ಹಿಡಿದಾಗ.

ಬೆಂಗಳೂರಿನ ಸೈಟುಗಳ ಮೇಲೆ ಆವತ್ತು ಲೆಕ್ಕವೇ ಲೆಕ್ಕ. ಮೂವತ್ತು ನಲವತ್ತರ ಸೈಟಿಗೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ, ಮೂರು ನಾಲ್ಕು ಐದರ ಹತ್ತು ಪಟ್ಟು. ಇಪ್ಪತ್ತು ಮೂವತ್ತರದ್ದು ಹಾಗಲ್ಲ: 400 ಮತ್ತು 900 ಕೂಡಿದರೆ 1300, ಅದರ ವರ್ಗಮೂಲ ಮುಗಿಯುವುದೇ ಇಲ್ಲ, 36.0555 ಅಂತ ಹೋಗುತ್ತದೆ. ಅಡಿಯ ಆ ಚೂರನ್ನು ಹನ್ನೆರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಇಂಚು. "ಮೂವತ್ತಾರು ಅಡಿ, ಮುಕ್ಕಾಲು ಇಂಚಿಗೆ ಸ್ವಲ್ಪ ಕಮ್ಮಿ" ಅಂತ ಅಣ್ಣ ಲೆಕ್ಕವಿಲ್ಲದೆ ಹೇಳಿದ. ಅವನು ಎರಡೂ ಕರ್ಣ ಹಿಡಿದು ಸಮ ಬಂತೇ ಅಂತ ನೋಡುವವನು, ಅವನಿಗೆ ಅಂಕಿ ಕಂಠಪಾಠ. ನಲವತ್ತು ಅರವತ್ತರ ಸೈಟಿಗೆ ಅದರ ಎರಡು ಪಟ್ಟು, 72 ಅಡಿ ಒಂದೂ ಕಾಲು ಇಂಚಿನ ಮೇಲೆ ಚೂರು. ಕರ್ಣ ಎರಡು ಪಟ್ಟಾದರೆ ಜಾಗ 600 ಚದರಡಿಯಿಂದ 2400ಕ್ಕೆ, ನಾಲ್ಕು ಪಟ್ಟು. ಸಮರೂಪ ಆಕೃತಿಗಳ ಪಾಠ ಅಲ್ಲೇ ಅರ್ಧ ಮುಗಿಯಿತು.

ಮನೆಗೆ ಬಂದ ಮೇಲೆ ಇನ್ನೊಂದು ಸೇರಿತು. ಮೂವತ್ತು ನಲವತ್ತರ ಸೈಟಿಗೆ ಕಾಂಪೌಂಡು 140 ಅಡಿ. ಅಷ್ಟೇ ಗೋಡೆಯಲ್ಲಿ ಚೌಕ ಸೈಟು ಕಟ್ಟಿದರೆ 35 × 35 = 1225, ಅಂದರೆ 25 ಚದರಡಿ ಜಾಸ್ತಿ. ಯಾಕೆ 25? (35 − 5)(35 + 5) ಅಂತ ಬರೆದು ನೋಡಿದರೆ 35ರ ವರ್ಗದಿಂದ 5ರ ವರ್ಗ ಕಳೆದದ್ದು. ನಿತ್ಯಸಮೀಕರಣ ಅಂತ ಎಂಟನೇ ಕ್ಲಾಸಿನಿಂದ ಹಾಡಿಕೊಂಡು ಬಂದದ್ದಕ್ಕೆ ಒಂದು ಕೆಲಸ ಸಿಕ್ಕಿತು. ಊರಿನಲ್ಲಿ ಗುಂಟೆ ಅಂದರೆ 33 ಅಡಿಯ ಚೌಕ, 1089 ಚದರಡಿ. ಅಣ್ಣ ಈಗಲೂ ಸೈಟನ್ನು ಮನಸ್ಸಿನಲ್ಲೇ ಗುಂಟೆಗೆ ತಿರುಗಿಸಿಕೊಂಡೇ ಬೆಲೆ ಮಾತಾಡುವುದು.

ಪ್ರಮೇಯಗಳ ಪಾಡು ಬೇರೆ. ತ್ರಿಭುಜದ ಒಂದು ಬದಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬದಿಗಳನ್ನು ಒಂದೇ ಅನುಪಾತದಲ್ಲಿ ತುಂಡು ಮಾಡುತ್ತದೆ ಅನ್ನುವ ಥೇಲ್ಸನ ಪ್ರಮೇಯವನ್ನು ಅವಳು ಪದ್ಯದ ಹಾಗೆ ಒಪ್ಪಿಸುತ್ತಿದ್ದಳು. ತ್ರಿಭುಜಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಇಟ್ಟು ತಲೆಕೆಳಗಾಗಿ ಬರೆದುಕೊಟ್ಟೆ, ನಿಂತುಹೋಯಿತು. ಸಾಧನೆಯ ಸಾಲುಗಳನ್ನು ಬಿಟ್ಟು ಚಿತ್ರವನ್ನೇ ನೋಡುತ್ತಾ ಕೂತೆವು. ಒಂದೇ ಎತ್ತರದ ಎರಡು ತ್ರಿಭುಜಗಳ ವಿಸ್ತೀರ್ಣದ ಅನುಪಾತ ಪಾದಗಳ ಅನುಪಾತವೇ; ಒಂದೇ ಪಾದದ ಮೇಲೆ, ಎರಡು ಸಮಾಂತರ ಗೆರೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ. ಈ ಎರಡು ಮಾತು ಕೈಯಲ್ಲಿದ್ದರೆ ಇಡೀ ಪ್ರಮೇಯ ಎರಡು ಭಿನ್ನರಾಶಿಗಳು ಸಮ ಅಂತ ತೋರಿಸುವ ಕೆಲಸ. ಹಾಗೆ ಹೇಳಿದ ಮೇಲೆ ಅವಳಿಗೆ ಧೈರ್ಯ ಬಂತು, ಭಿನ್ನರಾಶಿ ಈಗ ಅವಳ ಸ್ವಂತದ್ದು. ಬದಿಯ ತುಂಡುಗಳು ಎಕ್ಸ್ ಮತ್ತು ಎಕ್ಸ್ + 1, ಇನ್ನೊಂದು ಬದಿಯಲ್ಲಿ ಎಕ್ಸ್ + 3 ಮತ್ತು ಎಕ್ಸ್ + 5 ಅಂತ ಒಂದು ಲೆಕ್ಕ ಕೊಟ್ಟೆ. ಅಡ್ಡ ಗುಣಿಸಿದಳು, ಎರಡೂ ಕಡೆಯ ಎಕ್ಸ್² ಹೊಡೆದುಹೋಗಿ ಎಕ್ಸ್ 3 ಬಂತು. ಕೇಳದೆಯೇ ಪಕ್ಕದಲ್ಲಿ ಬರೆದಳು: 3/4 = 6/8, ಸರಿ.

ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ. ಒಂದೊಂದು ಅಂಕದವೇ 16, ಅವುಗಳಲ್ಲಿ ಅರ್ಧ ಬಹು ಆಯ್ಕೆಯವು. ಅಲ್ಲಿ ಅವಸರ ಮಾಡಿ ಕಳೆದುಕೊಳ್ಳುವ ಚಾಳಿ ಇನ್ನೂ ಇದೆ. ಶಾಲೆಯ ಅರ್ಧವಾರ್ಷಿಕ ಪತ್ರಿಕೆ ಕೈಗೆ ಬಂದಾಗ ಇಬ್ಬರೂ ಕೂತು ಹೋದ ಅಂಕಗಳನ್ನು ಮೂರು ಗುಂಪು ಮಾಡಿದೆವು: ಗೊತ್ತಿಲ್ಲದ್ದು, ಗೊತ್ತಿದ್ದೂ ಕೆಟ್ಟದ್ದು, ಸಮಯ ಸಾಲದ್ದು. ಗೊತ್ತಿಲ್ಲದ್ದು ಎಲ್ಲಕ್ಕಿಂತ ಕಡಿಮೆ ಇತ್ತು. ಸಮಯ ಸಾಲದ್ದಕ್ಕೆ ಕಾರಣ ನಾನು ಬರೆಸುತ್ತಿದ್ದ ಬಲಬದಿಯ ಸಾಲುಗಳು ಅಂತ ಪುಟ್ಟಿಯ ವಾದ. "ಇನ್ಮೇಲೆ ಬರೀ ದೊಡ್ಡ ಹೆಜ್ಜೆಗೆ ಬರೀತೀನಿ ಅತ್ತೆ, ಸಣ್ಣದು ತಲೇಲಿ ಮಾಡ್ತೀನಿ" ಅಂದಳು. ಒಪ್ಪಿದೆ, ಆದರೆ ಆವರಣದ ಹಿಂದೆ ಮೈನಸ್ ಬಂದ ಕಡೆ ಮಾತ್ರ ಪೂರ್ತಿ ಬರೆಯಬೇಕು ಅಂತ ಕಟ್ಟು ಹಾಕಿದೆ. ಈಗ ತ್ರಿಕೋನಮಿತಿ ನಡೆಯುತ್ತಿದೆ. ಸೈನು, ಕಾಸು ಎರಡೂ ಲಂಬಕೋನ ತ್ರಿಭುಜದ ಬದಿಗಳಿಂದಾದ ಭಿನ್ನರಾಶಿಗಳೇ ಅಂತ ಗೊತ್ತಾದ ಮೇಲೆ ಕೋಷ್ಟಕ ಉರು ಹೊಡೆಯುವುದನ್ನು ಬಿಟ್ಟು, 30 ಡಿಗ್ರಿಯದು ಬೇಕಾದಾಗಲೆಲ್ಲ ಹಾಳೆಯ ಮೂಲೆಯಲ್ಲಿ ಒಂದು ಸಮಬಾಹು ತ್ರಿಭುಜ ಎಳೆದು ಅದನ್ನು ಅರ್ಧ ಸೀಳಿ ನೋಡಿಕೊಳ್ಳುತ್ತಾಳೆ.